ಬೆನ್ನುಮೂಳೆಯ ರೋಗಿಗಳ ಟ್ರಯಾಜ್: ಕೋವಿಡ್ ಕಾಲದಲ್ಲಿ ಮುಟ್ಟದೆ ವಿಂಗಡಿಸಿದ್ದು ಹೇಗೆ?

ಪ್ರಶ್ನೆ: ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ವಿದ್ಯಾರ್ಥಿನಿ, ಶಿರಸಿ

ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್. ವ್ಯವಸ್ಥೆಯ ಹಲವು ಕಡೆ ಸೊಂಟನೋವಿನ ರೋಗಿಯನ್ನು ಅನುಭವಿ ಫಿಸಿಯೋಥೆರಪಿಸ್ಟರೇ ಮೊದಲು ನೋಡಿ, ಯಾರಿಗೆ ವ್ಯಾಯಾಮ ಸಾಕು, ಯಾರಿಗೆ ಎಂ.ಆರ್.ಐ. ಬೇಕು, ಯಾರನ್ನು ಶಸ್ತ್ರಚಿಕಿತ್ಸಕರಲ್ಲಿಗೆ ಕಳುಹಿಸಬೇಕು ಎಂದು ವಿಂಗಡಿಸುತ್ತಾರೆ; ಇದೇ ಟ್ರಯಾಜ್. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಕನಿಷ್ಠ 3 ತಿಂಗಳು ಮುಂದೂಡುವಂತೆ 2020ರ ಮಾರ್ಚ್ 17ರಂದು ಸೂಚನೆ ಬಂದ ಮೇಲೆ ಈ ಕೆಲಸ ಬಹುಪಾಲು ದೂರವಾಣಿಗೆ ಸರಿಯಿತು. ನಮ್ಮಲ್ಲಿ ಟ್ರಯಾಜ್ ಎಂಬ ಹೆಸರು ಬಳಕೆಯಲ್ಲಿ ಇಲ್ಲದಿದ್ದರೂ ಸೊಂಟ ಹಿಡಿದವರು ನೇರವಾಗಿ ಫಿಸಿಯೋಥೆರಪಿಗೆ ಬರುವುದುಂಟು. ಆಗ ಕೆಲಸದಲ್ಲಿದ್ದ ಹಿರಿಯರು ರೋಗಿಯನ್ನು ಮುಟ್ಟದೆ ಹೇಗೆ ನಿರ್ಧರಿಸಿದಿರಿ ಎಂದು ದಯವಿಟ್ಟು ತಿಳಿಸುವಿರಾ?

ಉತ್ತರ 1: ಫಿಸಿಯೋಥೆರಪಿಸ್ಟ್, ಕಾರವಾರ

ವಿಡಿಯೋ ಕರೆಯಲ್ಲಿ ರೋಗಿಯನ್ನು ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಸಿ ಬೆನ್ನಿನ ಕೆಳಭಾಗದಿಂದ ಕಾಲಿಗಿಳಿಯುವ ಎಲ್5 ಮತ್ತು ಎಸ್1 ನರಗಳ ಬಲವನ್ನು ಅಂದಾಜು ಮಾಡಬಹುದು. ಆದರೆ ಸುತ್ತಿಗೆಯಿಂದ ಮಂಡಿಯನ್ನು ತಟ್ಟಿ ನೋಡುವುದಾಗಲಿ, ಚರ್ಮದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದಾಗಲಿ ಆಗದ ಕಾರಣ ಇಡೀ ಭಾರ ಪ್ರಶ್ನೆಗಳ ಮೇಲೆ ಬಿತ್ತು. ನಾವು ಅತಿಯಾಗಿ ಹೆದರುವುದು ಬೆನ್ನುಹುರಿಯ ಕೆಳತುದಿಯಲ್ಲಿರುವ ಕಾಡಾ ಈಕ್ವೈನಾ ಎಂಬ ನರಗುಚ್ಛ ಒತ್ತಿಕೊಂಡ ಸ್ಥಿತಿಗೆ. ಮೂತ್ರ ಕಟ್ಟುವುದು, ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿಯುವುದು, ಎರಡೂ ಕಾಲಿಗೆ ಸೆಳೆತ ಇಳಿಯುವುದು ಅದರ ಲಕ್ಷಣಗಳು, ಮತ್ತು ಅದು ಮರುದಿನಕ್ಕೆ ಕಾಯುವ ಕಾಯಿಲೆಯಲ್ಲ.

ಮನೆಗೊಂದೇ ಫೋನು, ಅದರಲ್ಲೂ ಸ್ಪೀಕರ್ ಹಾಕಿ, ಸುತ್ತ ಮಗ, ಸೊಸೆ, ಮೊಮ್ಮಕ್ಕಳು ಕೂತಿರುವಾಗ ಇದನ್ನು ಕೇಳುವುದು ಹೇಗೆ? ಬೈತಖೋಲ ಕಡೆಯ ಒಬ್ಬ ವೃದ್ಧೆ ಎಲ್ಲರೆದುರು ಎಲ್ಲವೂ ಸರಿಯಿದೆ ಎಂದೇ ಹೇಳಿದರು. ಸ್ಪೀಕರ್ ತೆಗೆಸಿ, ಅವರೊಬ್ಬರನ್ನೇ ಪಕ್ಕದ ಕೋಣೆಗೆ ಕಳುಹಿಸಿ, ಕೊಂಕಣಿಯಲ್ಲಿ ಮತ್ತೆ ಕೇಳಿದಾಗ ನಿನ್ನೆಯಿಂದ ಮೂತ್ರ ಸರಿಯಾಗಿ ಆಗುತ್ತಿಲ್ಲವೆಂದು ತಿಳಿಯಿತು. ಅವರನ್ನು ಅಂದೇ ಆಸ್ಪತ್ರೆಗೆ ಕಳುಹಿಸಿದೆ. ಕ್ಲಿನಿಕ್ಕಿನಲ್ಲಿ ಒಂದು ಪರದೆ ಎಳೆದರೆ ಸಿಗುತ್ತಿದ್ದ ಏಕಾಂತ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಆ ದಿನ.

ಉತ್ತರ 2: ವೈದ್ಯ, ಕುಮಟಾ

ಇದಕ್ಕೆ ಜ್ವರದ ವಿಷಯವನ್ನೂ ಸೇರಿಸುತ್ತೇನೆ. ಬೆನ್ನುನೋವಿನೊಂದಿಗೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನೆನೆಯಬೇಕು. ಭಟ್ಕಳದಲ್ಲಿ 2020ರ ಮಾರ್ಚಿನಲ್ಲೇ ಕೋವಿಡ್ ಪ್ರಕರಣಗಳು ಕಂಡುಬಂದು ಜಿಲ್ಲೆಯೇ ನಡುಗಿದ್ದ ಹೊತ್ತಿನಲ್ಲಿ ಜ್ವರವೆಂದರೆ ಮೊದಲು ಗಂಟಲದ್ರವ ಪರೀಕ್ಷೆ. ಮೈಕೈ ನೋವು ಕೂಡ ಆ ರೋಗದ್ದೇ ಲಕ್ಷಣ. ಕೋವಿಡ್ ಇಲ್ಲವೆಂದು ವರದಿ ಬಂದೊಡನೆ ರೋಗಿ ಮನೆಗೆ ಮರಳುತ್ತಿದ್ದ. ಬೆನ್ನಿನ ಪ್ರಶ್ನೆ ಅಲ್ಲೇ ಉಳಿಯುತ್ತಿತ್ತು. ಜನರು ತಮ್ಮ ಜ್ವರವನ್ನು ಮುಚ್ಚಿಡಲು ಕಲಿತದ್ದು ಇನ್ನೊಂದು ತೊಡಕು.

ಉತ್ತರ 3: ಅಡಿಕೆ ಬೆಳೆಗಾರ, ಸಿದ್ದಾಪುರ

ನಾನು ವೈದ್ಯಕೀಯ ಬಲ್ಲವನಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮರದಿಂದ ಜಾರಿ ಬಿದ್ದಾಗ ಬೈಕಿನಲ್ಲಿ ಕೂರಿಸಿಕೊಂಡು ಹೊರಡುವವರಿದ್ದೆವು. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಫೋನಿನಲ್ಲೇ ತಡೆದು, ಎಬ್ಬಿಸಬೇಡಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಆಂಬ್ಯುಲೆನ್ಸಿಗೆ ಕರೆಮಾಡಿ ಎಂದರು. ಹುಬ್ಬಳ್ಳಿಯ ದಾರಿಯುದ್ದಕ್ಕೂ ಪಾಸು ತೋರಿಸುತ್ತ ಹೋದದ್ದು ಬೇರೆ ಕಥೆ.

ಮರುಪ್ರಶ್ನೆ: ವಿದ್ಯಾರ್ಥಿನಿ

ಹೀಗೆ ಫೋನಿನಲ್ಲಿ ಸಲಹೆ ಕೊಡಲು ನಿಯಮಗಳಲ್ಲಿ ಅವಕಾಶವಿತ್ತೇ, ಮೇಡಂ?

ಉತ್ತರ 4: ಫಿಸಿಯೋಥೆರಪಿಸ್ಟ್, ಕಾರವಾರ

2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರಿಗಾಗಿ ಬರೆದದ್ದು, ನಮಗಾಗಿ ಅಲ್ಲ. ಫಿಸಿಯೋಥೆರಪಿಯನ್ನು ಒಳಗೊಂಡ ರಾಷ್ಟ್ರೀಯ ಕಾಯಿದೆ ಬಂದದ್ದು 2021ರಲ್ಲಿ. ಆದ್ದರಿಂದ ನಾನು ಸಂಶಯ ಬಂದ ಪ್ರತಿ ರೋಗಿಯ ವಿವರವನ್ನು ದಿನಾಂಕ, ಗಂಟೆಯೊಂದಿಗೆ ಬರೆದಿಟ್ಟು, ಅದೇ ದಿನ ವೈದ್ಯರೊಬ್ಬರಿಗೆ ಒಪ್ಪಿಸುತ್ತಿದ್ದೆ. ಗೋವೆಯ ಗಡಿ ಮುಚ್ಚಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ದಾರಿ ಕಷ್ಟವಾದ ಮೇಲಂತೂ ಯಾರನ್ನು, ಎಲ್ಲಿಗೆ ಕಳುಹಿಸಬೇಕೆಂಬುದನ್ನು ಒಬ್ಬಳೇ ನಿರ್ಧರಿಸುವ ಧೈರ್ಯ ನನಗಿರಲಿಲ್ಲ.