ಕಾಂಡದಿಂದ ಇಳಿದ ಹಾಲಿನಂಥ ಎಳೆ ನಿಜಕ್ಕೂ ಸಕ್ಕರೆನಾ?

ಪ್ರಶ್ನೆ: ಮೇಡಂ, ನನ್ನ ಟೊಮೆಟೊ ಗಿಡದ ಎಲೆ ಇನ್ನೂ ಹಸಿರಾಗಿತ್ತು, ಆದರೂ ಗಿಡ ಸೊರಗಿ ಬಿತ್ತು. ಬುಡದ ಕಾಂಡ ಕತ್ತರಿಸಿ ಲೋಟದ ನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆಗಳು ಕೆಳಗಿಳಿದವು. ಅದು ಬ್ಯಾಕ್ಟೀರಿಯಾದ ಸಕ್ಕರೆ ಅಂತ ಒಬ್ಬರು ಹೇಳಿದರು. ನಿಜಾನಾ?

ಉತ್ತರ: ಅರ್ಧ ನಿಜ. ಆ ಎಳೆಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ, ಅವುಗಳ ಸುತ್ತ ಲೋಳೆಯಿದೆ. ಆ ಲೋಳೆ ಸಕ್ಕರೆ ಕಣಗಳನ್ನು ಪೋಣಿಸಿದ ಉದ್ದ ಸರ. ಸಿಹಿಯ ಸಕ್ಕರೆಯಲ್ಲ. ನಿಮ್ಮದು ದುಂಡಾಣು ಸೊರಗು ರೋಗ ಅನ್ನಿಸುತ್ತದೆ, ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ತರುವಂಥದ್ದು. ಅದು ಬೇರಿನಿಂದ ನುಗ್ಗಿ ನೀರು ಹರಿಯುವ ನಾಳದಲ್ಲಿ ತುಂಬಿಕೊಳ್ಳುತ್ತದೆ. ಲೋಳೆ ನಾಳವನ್ನು ಕಟ್ಟಿಬಿಡುತ್ತದೆ. ಮಣ್ಣಲ್ಲಿ ತೇವ ಇದ್ದರೂ ಎಲೆಗೆ ನೀರಿಲ್ಲ. ಹಳದಿಯಾಗುವಷ್ಟು ಸಮಯವೂ ಸಿಗಲಿಲ್ಲ, ಅದಕ್ಕೇ ಹಸಿರಾಗಿಯೇ ಸೊರಗಿದ್ದು. ಈ ಲೋಳೆ ಮಾಡಲಾರದ ರಾಲ್ಸ್ಟೋನಿಯಾ ತಳಿಗಳನ್ನು ಗಿಡಕ್ಕೆ ಸೇರಿಸಿ ನೋಡಿದ್ದಾರೆ. ಗಿಡ ಸೊರಗುವುದು ತೀರಾ ಕಡಿಮೆ.

ಪ್ರಶ್ನೆ: ಹಾಗಾದ್ರೆ ಲೋಳೆ ಹೋದರೆ ಬ್ಯಾಕ್ಟೀರಿಯಾ ಬೋಳಾಗುತ್ತಾ?

ಉತ್ತರ: ಇಲ್ಲ, ಒಳಗೆ ಇನ್ನೊಂದು ಸಕ್ಕರೆ ಹೊದಿಕೆ ಇದೆ! ನನಗೆ ಅದೇ ಜಾಸ್ತಿ ಇಷ್ಟ. ಅದರ ಹೆಸರು ಲಿಪೋಪಾಲಿಸ್ಯಾಕರೈಡ್. ಕೊಬ್ಬಿನ ಬುಡ ಹೊರಪೊರೆಯಲ್ಲಿ ನಾಟಿಕೊಂಡಿರುತ್ತದೆ, ಮೇಲೆ ಸಕ್ಕರೆಯ ಕೂದಲು ಎದ್ದು ನಿಂತಿರುತ್ತದೆ. ಗಿಡ ಬಿಡುವ ವಿಷಕಾರಿ ರಾಸಾಯನಿಕಗಳಿಗೆ ಇದು ತಡೆ. ಕೂದಲಿನ ತುದಿಯ ಸಕ್ಕರೆಗಳ ಜೋಡಣೆ ತಳಿಯಿಂದ ತಳಿಗೆ ಬದಲಾಗುತ್ತದೆ. ಬ್ಯಾಕ್ಟೀರಿಯಾ ತಿನ್ನುವ ಎಷ್ಟೋ ವೈರಸ್‌ಗಳು ಈ ತುದಿಯನ್ನೇ ಹಿಡಿದು ಒಳಗೆ ಹೋಗುತ್ತವೆ. ಅಂದರೆ ರಕ್ಷಣೆ ಕೊಡುವ ಕೂದಲೇ ಶತ್ರುವಿಗೂ ಹಿಡಿಕೆ.

ಪ್ರಶ್ನೆ: ಆಹಾರದ ಪ್ಯಾಕೆಟ್ ಮೇಲೆ ಕ್ಸಾಂಥಾನ್ ಗಮ್ ಅಂತ ಇರುತ್ತಲ್ಲ, ಅದೂ ಇಂಥದ್ದೇನಾ?

ಉತ್ತರ: ಹೌದು. ಎಲೆಕೋಸಿಗೆ ಕಪ್ಪು ಕೊಳೆ ತರುವ ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಲೋಳೆ ಅದು. ಎರಡು ಗ್ಲೂಕೋಸ್, ಎರಡು ಮ್ಯಾನೋಸ್, ಒಂದು ಗ್ಲುಕುರಾನಿಕ್ ಆಮ್ಲ, ಈ ಐದು ಸಕ್ಕರೆ ಕಣಗಳ ಗುಂಪು ಸರದಲ್ಲಿ ಮತ್ತೆ ಮತ್ತೆ ಬರುತ್ತದೆ. ಗಿಡದೊಳಗೆ ಇದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಗಿಡದ ಎಚ್ಚರಿಕೆಯನ್ನು ಮಂಕು ಮಾಡುತ್ತದೆ. ಆಹಾರಕ್ಕೆ ಬರುವುದು ಬ್ಯಾಕ್ಟೀರಿಯಾ ಕೊಂದು ಶುದ್ಧ ಮಾಡಿದ ಪುಡಿ. ಅಮೆರಿಕದಲ್ಲಿ 1969ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಹೆದರಬೇಡಿ.

ಆದರೆ ಆ ಲೋಟದ ನೀರನ್ನು ಸುಮ್ನೆ ಮಣ್ಣಿಗೆ ಚೆಲ್ಲಬೇಡಿ. ಚೆನ್ನಾಗಿ ಕುದಿಸಿ ಆಮೇಲೆ ಚೆಲ್ಲಿ. ಕತ್ತರಿಸಿದ ಚಾಕುವನ್ನೂ ಕುದಿಯುವ ನೀರಿಗೆ ಹಾಕಿ.