ಪದಚರ್ಚೆ: ಗಿಟಾರಿನ ‘ಡಿಸ್ಟಾರ್ಷನ್’ಗೆ ಕನ್ನಡದಲ್ಲಿ ಏನು? (ತುರ್ತು)

ವಿ.ಕೆ.:
ಹೆವಿ ಮೆಟಲ್ (ರಾಕ್ ಸಂಗೀತದ ಗಡುಸು ಪ್ರಕಾರ) ಚರಿತ್ರೆಯ ಪ್ರದರ್ಶನವೊಂದರ ಕನ್ನಡ ಫಲಕಗಳು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಡಿಸ್ಟಾರ್ಷನ್’ ಹತ್ತಿರ ನಿಂತಿದ್ದೇನೆ. ನಿಘಂಟಿನ ‘ವಿಕೃತಿ’, ‘ವಿರೂಪಣೆ’ ಎರಡೂ ಒಗ್ಗುತ್ತಿಲ್ಲ. ಇದು ಗಿಟಾರಿಗೆ ಬೇಕೆಂದೇ ತರಿಸಿಕೊಂಡ ಒರಟು ದನಿ. ವಾಕ್ಯ: ‘1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ____ ಪಡೆದರು.’ ‘ರಿಫ್’, ‘ಪವರ್ ಕಾರ್ಡ್’ (ಎರಡೇ ಸ್ವರ ಒಟ್ಟಿಗೆ ಮೀಟುವುದು) ಕೂಡ ಬೇಕು. ತಲೆಬರಹಕ್ಕೆ ‘ಭಾರಲೋಹ ಸಂಗೀತ’, ‘ಗಟ್ಟಿಬಂಡೆ ಸಂಗೀತ’ (ಹಾರ್ಡ್ ರಾಕ್) ಎಂದು ಸೂಚನೆ ಬಂದಿದೆ. ಸರಿಯೇ?

ಎಂ.ಎಸ್.:
ಎರಡೂ ಬೇಡ. ‘ಭಾರಲೋಹ’ ಪತ್ರಿಕೆಗಳಲ್ಲಿ ಕೆರೆನೀರಿನ ಸೀಸ, ಪಾದರಸಕ್ಕೆ ಅಂಟಿಹೋಗಿದೆ. ‘ರಾಕ್’ ಇಲ್ಲಿ ಬಂಡೆಯೇ ಅಲ್ಲ. ರಾಕ್ ಅಂಡ್ ರೋಲ್‌ನಿಂದ ಬಂದದ್ದು, ಓಲಾಡು, ತೂಗಾಡು ಎಂಬ ಕ್ರಿಯಾಪದ.

ಡಿಸ್ಟಾರ್ಷನ್‌ಗೆ ನಮ್ಮಲ್ಲೇ ಪದವಿದೆ: ಜೀವಾಳ. ತಂಬೂರಿಯ ಕುದುರೆಯ (ತಂತಿ ಹೊರುವ ತುಂಡು) ಮೇಲೆ ತಂತಿಯಡಿ ನೂಲಿನೆಳೆ ಸರಿಸಿದಾಗ ಬೋಳು ನಾದ ತುಂಬಿಕೊಂಡು ಝೇಂಕರಿಸುತ್ತದಲ್ಲ, ಅದೇ ಕೆಲಸ. ಮೂಲ ‘ಜೀವ’. ಇದಕ್ಕಿಂತ ಒಳ್ಳೆಯದು ಸಿಗದು.

ರಾ.ಭ.:
ಜೀವಾಳ ತಪ್ಪು. ತಂಬೂರಿಯಲ್ಲಿ ಒಂದೊಂದು ತಂತಿಯೂ ತನ್ನಷ್ಟಕ್ಕೆ ಝೇಂಕರಿಸುತ್ತದೆ. ಆಂಪ್ಲಿಫೈಯರಿನಲ್ಲಿ ಎಲ್ಲ ತಂತಿಗಳ ಕಂಪನ ಒಟ್ಟಾಗಿ ಸೇರಿದ ಮೇಲೆ ವಾಲ್ವ್ (ದನಿ ಹಿಗ್ಗಿಸುವ ಗಾಜಿನ ಕೊಳವೆ) ತನ್ನ ಮಿತಿ ಮುಟ್ಟಿ ಅಲೆಯ ತುದಿಗಳನ್ನು ಕತ್ತರಿಸುತ್ತದೆ. ಆಗ ನುಡಿಸದ ಸ್ವರಗಳೂ ಹುಟ್ಟುತ್ತವೆ. ಷಡ್ಜ 110 ಹರ್ಟ್ಸ್, ಪಂಚಮ ಸುಮಾರು 165 ಇದ್ದರೆ ವ್ಯತ್ಯಾಸ 55, ಅಂದರೆ ಕೆಳಸ್ಥಾಯಿಯ ಅದೇ ಷಡ್ಜ. ದನಿ ದಪ್ಪವಾಗುವುದು ಅದರಿಂದ. ನಡುವೆ ಅಂತರ ಗಾಂಧಾರ ಸೇರಿಸಿ: ಗಿಟಾರಿನ ಮೆಟ್ಟಿಲಲ್ಲಿ ಅದು 138.6, ಶುದ್ಧ ಅನುಪಾತದಲ್ಲಾದರೆ 137.5. ವ್ಯತ್ಯಾಸದ ಸ್ವರಗಳು ಷಡ್ಜಕ್ಕೆ ಕೂಡದೆ ಕಲಸಿಹೋಗುತ್ತವೆ. ಪವರ್ ಕಾರ್ಡ್‌ನಲ್ಲಿ ಗಾಂಧಾರವನ್ನು ಬಿಡುವುದು ಇದಕ್ಕೇ. ಅದಕ್ಕೆ ‘ಸ-ಪ ಜೋಡಿ’ ಎನ್ನಿ, ಓದುಗರಿಗೆ ತಕ್ಷಣ ತಿಳಿಯುತ್ತದೆ.

ಡಿಸ್ಟಾರ್ಷನ್: ‘ಒಡಕು ದನಿ’. ಸೀಳಿದ ಸ್ಪೀಕರಿಗೂ ಒಪ್ಪುತ್ತದೆ, ಮಿತಿಮೀರಿದ ವಾಲ್ವಿಗೂ ಒಪ್ಪುತ್ತದೆ.

ಚಂ.:
ಸಂಸ್ಕೃತವೂ ಬೇಡ, ಇಂಗ್ಲಿಶೂ ಬೇಡ. ‘ಒಡಕು’ ಒಪ್ಪಿದೆ. ‘ಮೆಟಲ್’ಗೆ ಲೋಹ ಏಕೆ? ಕರ್ + ಪೊನ್ ಸೇರಿ ಕಬ್ಬುನ, ಈಗಿನ ಕಬ್ಬಿಣ. ತಮಿಳಿನ ಕರುಂಪೊನ್ ನೋಡಿ. ‘ಕಬ್ಬಿಣದ ಹಾಡು’ ಎಂದು ಹಾಕಿ.

ರಾ.ಭ.:
ನಿಮ್ಮ ಬಿಡಿಸಿಕೆಯೇ ಅದನ್ನು ಕೆಡಿಸುತ್ತದೆ. ಕರ್ + ಪೊನ್ ಎಂದರೆ ಕಪ್ಪು ಲೋಹ. ‘ಬ್ಲ್ಯಾಕ್ ಮೆಟಲ್’ ಬೇರೆಯೇ ಪ್ರಕಾರ: ಹೆಸರು ವೆನಮ್ ತಂಡದ 1982ರ ಆಲ್ಬಮಿನಿಂದ, ಬೆಳೆದದ್ದು ನಾರ್ವೆಯಲ್ಲಿ. ಫಲಕದಲ್ಲಿ ಎರಡೂ ಬರುತ್ತವೆ, ಗೊಂದಲವಾಗುತ್ತದೆ. ಹೆವಿ ಮೆಟಲ್ ಹಾಗೇ ಇರಲಿ.

ಚಂ.:
ಹಾಗೇ ಇರಲಿ, ಹಾಗೇ ಇರಲಿ ಎನ್ನುತ್ತಲೇ ಅರ್ಧ ನುಡಿ ಹೋಯಿತು.

ಎಂ.ಎಸ್.:
ಪಿಟೀಲು (ಇಂಗ್ಲಿಶಿನ ಫಿಡಲ್) ಬಂದಾಗ ಯಾರೂ ಪದ ಹೊಸೆಯಲಿಲ್ಲ. ನಾಲಿಗೆ ತನಗೆ ಬೇಕಾದಂತೆ ತಿದ್ದಿಕೊಂಡಿತು, ನುಡಿ ಬಡವಾಗಲಿಲ್ಲ. ಪ್ರಕಾರದ ಹೆಸರು ಹೆಸರೇ. ಖಯಾಲನ್ನು ‘ಕಲ್ಪನೆ’ ಎಂದು ಯಾರು ಅನುವಾದಿಸುತ್ತಾರೆ? ನಾದದ ಲಕ್ಷಣ ಹೇಳುವ ಪದಗಳು ಮಾತ್ರ ನಮ್ಮವಾಗಿರಬೇಕು, ಕೇಳುವವನ ಕಿವಿ ಅಲ್ಲೇ ಇರುವುದು. ಆ ಕಾರಣಕ್ಕೇ ಜೀವಾಳವನ್ನು ನಾನು ಬಿಡುವುದಿಲ್ಲ.

ರಿಫ್‌ಗೆ ಕರ್ನಾಟಕ ಸಂಗೀತದ ‘ಸಂಗತಿ’ ಹಾಕಬೇಡಿ. ಸಂಗತಿ ಪ್ರತಿ ಸಲ ಬೆಳೆಯುತ್ತದೆ, ರಿಫ್ ಬದಲಾಗದೆ ಮರಳುತ್ತದೆ. ಧಾರವಾಡದ ಕಡೆ ತಬಲಾ ಸೋಲೋಗೆ ಹಿಡಿಯುವ, ಮರಳಿ ಮರಳಿ ನುಡಿಸುವ ‘ಲೆಹರಾ’ ಹತ್ತಿರದ್ದು.

ರಾ.ಭ.:
ಲೆಹರಾ ಇನ್ನೊಬ್ಬರ ನುಡಿಕೆಗೆ ಆಸರೆ. ರಿಫ್ ಹಾಡಿನ ಬೆನ್ನೆಲುಬು. ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ 1970ರ ಮೊದಲ ಆಲ್ಬಮಿನ ಮೊದಲ ಹಾಡು ನೋಡಿ: ಷಡ್ಜ, ಮೇಲಿನ ಷಡ್ಜ, ಪ್ರತಿ ಮಧ್ಯಮ. ಮೂರೇ ಸ್ವರ, ಹಾಡು ನಿಂತಿರುವುದೇ ಅದರ ಮೇಲೆ. ‘ರಿಫ್’ ಎಂದೇ ಬರೆದು, ಮೊದಲ ಸಲ ‘ಮರಳಿ ಮರಳಿ ಬರುವ ಸ್ವರಗುಚ್ಛ’ ಎಂದು ಬಿಡಿಸಿ.

ವಿ.ಕೆ.:
ಒಡಕು ದನಿ, ಸ-ಪ ಜೋಡಿ, ರಿಫ್, ಹೆವಿ ಮೆಟಲ್ ಇಟ್ಟುಕೊಂಡೆ. ಎಂ.ಎಸ್. ಅವರೇ, ಜೀವಾಳ ಹಾಕಿದರೆ ತಂಬೂರಿಯೇ ಕಣ್ಣಿಗೆ ಬರುತ್ತದೆ, ಬಿಟ್ಟಿದ್ದೇನೆ. ಕೊನೆಯದೊಂದು: ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವರು, ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ. 1971ರ ಆಲ್ಬಮಿಗೆ ತಂತಿ ಸಡಿಲವಾಗಲೆಂದು ಮೂರು ಸ್ವರಸ್ಥಾನ ಕೆಳಗಿಳಿದರು. ‘ಡೌನ್ ಟ್ಯೂನಿಂಗ್’ಗೆ ‘ಶ್ರುತಿ ಇಳಿಸುವುದು’ ಸಾಕಲ್ಲವೇ?

ಚಂ.:
ಸಾಕು. ‘ಸುತಿ’ ಎಂದು ಬರೆಯಿರಿ.