ಸ್ಟಾಕ್ ವರ್ಗದ ಡ್ರ್ಯಾಗ್ ರೇಸ್: 1.3 ಲೀಟರ್ ಎಂಜಿನ್ನಿನ ಹಳೆಯ ಕಾರಿಗೆ ಸ್ಥಾನವಿದೆಯೇ?

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1298 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆಯ ಮಾರುತಿ ಎಸ್ಟೀಮ್ ಕಾರಿದೆ. ತಂದೆಯವರು ಶಿವಮೊಗ್ಗದ ಅಡಿಕೆ ಮಂಡಿಗೆ ಇದರಲ್ಲಿಯೇ ಓಡಾಡುತ್ತಿದ್ದರು. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಒಮ್ಮೆಯೂ ಬಿಚ್ಚಿಲ್ಲ. ಕಾಲು ಮೈಲಿ, ಅಂದರೆ 402 ಮೀಟರಿನ ಡ್ರ್ಯಾಗ್ ಸ್ಪರ್ಧೆಯ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಸ್ಪರ್ಧೆ) ಸ್ಟಾಕ್ ವರ್ಗದಲ್ಲಿ, ಅಂದರೆ ಮಾರ್ಪಾಡು ಮಾಡದ ಕಾರುಗಳ ವರ್ಗದಲ್ಲಿ, ಈ ಕಾರನ್ನು ಓಡಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಆದರೆ ಟರ್ಬೊ ಅಥವಾ ದೊಡ್ಡ ಎಂಜಿನ್ ಇಲ್ಲದೆ ಹೋದರೆ ಪ್ರಯೋಜನವಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಅಮೆರಿಕದಲ್ಲಿ ಆರು ಸಿಲಿಂಡರಿನ ಮತ್ತು ಅದಕ್ಕಿಂತ ಚಿಕ್ಕ ಎಂಜಿನ್ನಿನ ಕಾರುಗಳು ಎಂಟು ಸಿಲಿಂಡರಿನ ಕಾರುಗಳ ಎದುರು ನಿಂತು ಗೆಲ್ಲುತ್ತವೆ ಎಂದು ಓದಿದ್ದೇನೆ. ಅದು ಹೇಗೆ ಸಾಧ್ಯ? ಮಾರ್ಪಾಡು ಮಾಡದೆಯೇ ನನ್ನ ಕಾರನ್ನು ಸಿದ್ಧಗೊಳಿಸಲು ಏನು ಮಾಡಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಮೊದಲ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. 1951ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನ ಸ್ಟಾಕ್ ವಿಭಾಗದಲ್ಲಿ ಕಾರಿನ ತೂಕವನ್ನು ತಾನೇ ನಿಗದಿ ಮಾಡಿದ ಅಶ್ವಶಕ್ತಿಯಿಂದ ಭಾಗಿಸಿ, ಬಂದ ಲಬ್ಧದ ಮೇಲೆ ವರ್ಗವನ್ನು ಗೊತ್ತುಪಡಿಸುತ್ತದೆ. ಕಂಪನಿ ಘೋಷಿಸಿದ ಅಶ್ವಶಕ್ತಿ ಕಡಿಮೆಯಿದ್ದು, ಕಾರು ಮಾತ್ರ ಅದನ್ನು ಮೀರಿ ಓಡುತ್ತಿದ್ದರೆ ಆ ಅಂಕಿಯನ್ನು ಏರಿಸಲಾಗುತ್ತದೆ. ಪ್ರತಿಯೊಂದು ವರ್ಗಕ್ಕೂ ಒಂದು ಪ್ರಮಾಣ ಸಮಯವಿರುತ್ತದೆ, ಅರ್ಹತಾ ಸುತ್ತಿನಲ್ಲಿ ಅದಕ್ಕಿಂತ ಎಷ್ಟು ಕಡಿಮೆ ಸಮಯದಲ್ಲಿ ಓಡಿದಿರಿ ಎಂಬುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ನಾಕೌಟ್ ಸುತ್ತುಗಳಲ್ಲಿ ಚಾಲಕನು ತನ್ನ ಕಾರು ತೆಗೆದುಕೊಳ್ಳುವ ಸಮಯವನ್ನು ಮೊದಲೇ ಘೋಷಿಸಬೇಕು. ನಿಧಾನದ ಕಾರಿಗೆ ಅಷ್ಟು ಮೊದಲೇ ಹಸಿರು ದೀಪ ಹತ್ತುತ್ತದೆ. ಒಂದು ಕಾರಿನ ಸಮಯ 19.50 ಸೆಕೆಂಡ್, ಇನ್ನೊಂದರದು 16.20 ಎಂದು ಇಟ್ಟುಕೊಳ್ಳಿ. ಮೊದಲನೆಯದು 3.30 ಸೆಕೆಂಡ್ ಮುಂಚೆ ಹೊರಡುತ್ತದೆ. ಅದರ ಚಾಲಕ ದೀಪ ಕಂಡು 0.10 ಸೆಕೆಂಡಿನಲ್ಲಿ ಹೊರಟು 19.55ರಲ್ಲಿ ಮುಗಿಸಿದರೆ ಒಟ್ಟು ನಷ್ಟ 0.15. ವೇಗದ ಕಾರಿನವನು 0.25 ಸೆಕೆಂಡ್ ತಡವಾಗಿ ಹೊರಟು 16.21ರಲ್ಲಿ ಮುಗಿಸಿದರೆ ನಷ್ಟ 0.26. ಗೆಲುವು ಚಿಕ್ಕ ಎಂಜಿನ್ನಿಗೆ. ಘೋಷಿಸಿದ ಸಮಯಕ್ಕಿಂತ ಬೇಗ ಓಡಿದರೂ ಸೋಲು ಎಂಬ ನಿಯಮವಿರುವುದರಿಂದ ಸಮಯವನ್ನು ಬೇಕೆಂದೇ ಹೆಚ್ಚಾಗಿ ಬರೆಯುವ ಉಪಾಯ ನಡೆಯುವುದಿಲ್ಲ. ಒಂದೇ ವರ್ಗದ ಎರಡು ಕಾರುಗಳು ಎದುರಾದಾಗ ಮಾತ್ರ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವನು ಗೆಲ್ಲುತ್ತಾನೆ.

ಇಂಥ ಎಂಜಿನ್ನುಗಳಲ್ಲಿ ನನಗೆ ಅತ್ಯಂತ ಗೌರವವಿರುವುದು ಕ್ರೈಸ್ಲರ್ ಕಂಪನಿಯು 1960ರ ಮಾದರಿಗಳಲ್ಲಿ ತಂದ ಸ್ಲಾಂಟ್ ಸಿಕ್ಸ್ ಮೇಲೆ. ಆರು ಸಿಲಿಂಡರುಗಳ ಸಾಲನ್ನು 30 ಡಿಗ್ರಿ ವಾಲಿಸಿ ಕೂರಿಸಿದ್ದರಿಂದ ಬಾನೆಟ್ ತಗ್ಗಿತು, ಪಕ್ಕದಲ್ಲಿ ಉದ್ದನೆಯ ಇನ್‌ಟೇಕ್ ಕೊಳವೆಗಳಿಗೂ ಜಾಗ ಸಿಕ್ಕಿತು. 225 ಘನ ಇಂಚಿನ, ಅಂದರೆ ಸುಮಾರು 3.7 ಲೀಟರಿನ ಮಾದರಿಗೆ ಆ ಕಾಲದ ಲೆಕ್ಕದಲ್ಲಿ 145 ಅಶ್ವಶಕ್ತಿ. ಸಿಲಿಂಡರಿನ ಅಗಲಕ್ಕಿಂತ ಪಿಸ್ಟನ್ನಿನ ಓಟ ಉದ್ದವಾಗಿರುವುದರಿಂದ ಕಡಿಮೆ ಆರ್‌ಪಿಎಂನಲ್ಲಿಯೇ ಒಳ್ಳೆಯ ಎಳೆತವಿದೆ, ಹಾಗೆಂದು ಟೈರನ್ನು ಸುಮ್ಮನೆ ತಿರುಗಿಸಿಬಿಡುವಷ್ಟು ಶಕ್ತಿಯೂ ಅದರಲ್ಲಿಲ್ಲ. ಹೀಗಾಗಿ ಪ್ರತಿ ಓಟದಲ್ಲಿಯೂ ಹೆಚ್ಚುಕಡಿಮೆ ಅದೇ ಸಮಯ ಬರುತ್ತದೆ, ಘೋಷಿತ ಸಮಯದ ಸ್ಪರ್ಧೆಯಲ್ಲಿ ಬೇಕಾಗಿರುವುದೂ ಅದೇ.

ಉತ್ತರ: ಸಾಗರದ ಗ್ಯಾರೇಜ್

ಉಪನ್ಯಾಸಕರು ಹೇಳಿದ್ದು ಸರಿ. ಆದರೆ ನಮ್ಮ ದೇಶದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಸಿಸಿ ನೋಡಿಯೇ ವರ್ಗ ಮಾಡುತ್ತಾರೆ. ಆದ್ದರಿಂದ ಒಂದೇ ಸಮಯ ತೆಗೆಯುವುದರ ಜೊತೆಗೆ ಆ ಸಮಯವನ್ನು ಇಳಿಸುವುದೂ ಮುಖ್ಯ. ಸ್ಟಾಕ್ ಎಂದ ಮೇಲೆ ಕಾರು ಕಂಪನಿಯಿಂದ ಬಂದ ದಿನ ಹೇಗಿತ್ತೋ ಆ ಸ್ಥಿತಿಗೆ ಅದನ್ನು ತರುವುದೇ ದೊಡ್ಡ ಕೆಲಸ, ಮತ್ತು ಹಳೆಯ ಕಾರುಗಳಲ್ಲಿ ಅಲ್ಲಿಯೇ ಬೇಕಾದಷ್ಟು ಪಿಕಪ್ ಅಡಗಿರುತ್ತದೆ.

ಮಲೆನಾಡಿನ ಕಾರುಗಳಲ್ಲಿ ನಾನು ಮೊದಲು ನೋಡುವುದು ಬ್ರೇಕನ್ನು. ಮಳೆಗಾಲ ಕಳೆಯುವಷ್ಟರಲ್ಲಿ ಕ್ಯಾಲಿಪರ್ ಪಿನ್ನುಗಳು ತುಕ್ಕು ಹಿಡಿದು ಪ್ಯಾಡ್‌ಗಳು ಡಿಸ್ಕಿಗೆ ಒತ್ತಿಕೊಂಡೇ ಇರುತ್ತವೆ, ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ಪೂರ್ತಿ ಸಡಿಲವಾಗುವುದಿಲ್ಲ. ಕಾರನ್ನು ಜಾಕ್ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ. ಹಿಂದಿನ ಚಕ್ರ ಕೈ ಬಿಟ್ಟ ಮೇಲೂ ಸರಾಗವಾಗಿ ಒಂದೆರಡು ಸುತ್ತು ತಿರುಗಬೇಕು. ಸರಕ್ಕೆಂದು ಉಜ್ಜುವ ಸದ್ದು ಬಂದು ತಕ್ಷಣ ನಿಂತರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದರ ಶಕ್ತಿ ಅಲ್ಲಿ ಸುಟ್ಟುಹೋಗುತ್ತಿದೆ ಎಂದು ತಿಳಿಯಿರಿ. ಆಮೇಲೆ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳತೆ, ಟ್ಯಾಪೆಟ್ ಸೆಟ್ಟಿಂಗ್, ಪ್ಲಗ್, ಏರ್ ಫಿಲ್ಟರ್, ವ್ಹೀಲ್ ಅಲೈನ್‌ಮೆಂಟ್. ಕ್ಲಚ್ ಪ್ಲೇಟ್ ಜಾರುತ್ತಿದ್ದರೆ ಬದಲಾಯಿಸದೆ ಹೋಗಬೇಡಿ.

ನಿಮ್ಮದು ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಹೊರಡುವಾಗ ಭಾರ ಹಿಂದಕ್ಕೆ ಹೋಗುವುದರಿಂದ ಎಳೆಯಬೇಕಾದ ಟೈರಿನ ಹಿಡಿತವೇ ಕಡಿಮೆಯಾಗುತ್ತದೆ. ಹೆಚ್ಚು ರೇಸ್ ಕೊಟ್ಟು ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಹೊಗೆ ಬರುತ್ತದೆಯೇ ಹೊರತು ಕಾರು ಮುಂದೆ ಹೋಗುವುದಿಲ್ಲ. ಮೊದಲ 60 ಅಡಿಯಲ್ಲಿ ಉಳಿಸಿದ ಹತ್ತನೇ ಒಂದು ಸೆಕೆಂಡ್ ಕೊನೆಯ ಗೆರೆಯ ಹೊತ್ತಿಗೆ ಅದಕ್ಕಿಂತ ಹೆಚ್ಚಾಗಿಯೇ ಬೆಳೆದಿರುತ್ತದೆ. ಸಾಲಿನಲ್ಲಿ ನಿಲ್ಲುವಾಗ, ಮುಂದಿನ ಚಕ್ರವು ಹೊರಡುವ ಗೆರೆಯ ಬೆಳಕಿನ ಕಿರಣಕ್ಕೆ ಅಡ್ಡ ಬಂದು ಎರಡನೇ ದೀಪ ಹತ್ತಿದ ಕೂಡಲೇ ನಿಂತುಬಿಡಿ, ಒಂದಿಂಚೂ ಮುಂದೆ ಹೋಗಬೇಡಿ. ಗಡಿಯಾರ ಓಡಲು ಆರಂಭಿಸುವುದು ಮುಂದಿನ ಚಕ್ರವು ಆ ಕಿರಣವನ್ನು ಬಿಟ್ಟು ಸರಿದಾಗ. ಅದಕ್ಕೂ ಮೊದಲು ಸಿಗುವ ಆ ಸ್ವಲ್ಪ ಓಟ ನಿಮ್ಮ ಸಮಯವನ್ನು ಇಳಿಸುತ್ತದೆ.

ಉತ್ತರ: ಭದ್ರಾವತಿಯ ಓದುಗ

ಕಾರಿಗೆ ಕೈ ಹಾಕುವ ಮೊದಲು ಆಯಾ ಸ್ಪರ್ಧೆಯ ನಿಯಮಾವಳಿಯನ್ನು ತರಿಸಿಕೊಂಡು ಓದಿ. ಸ್ಟೆಪ್ನಿ ತೆಗೆಯಬಹುದೇ, ಯಾವ ಟೈರ್ ಹಾಕಬಹುದು ಎಂಬುದೆಲ್ಲ ಅದರಲ್ಲಿಯೇ ಇರುತ್ತದೆ. ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಅನುಮತಿ ಪಡೆದ ಸ್ಪರ್ಧೆಯಾದರೆ ನಿಮಗೆ ಅದರ ಪರವಾನಗಿ ಬೇಕು. ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ: ಸವಳಂಗ ರಸ್ತೆಯಲ್ಲಾಗಲಿ, ಸೋಗಾನೆಯ ವಿಮಾನ ನಿಲ್ದಾಣದ ಕಡೆಗಿನ ರಸ್ತೆಯಲ್ಲಾಗಲಿ ರಾತ್ರಿ ಹೊತ್ತು ಅಭ್ಯಾಸ ಮಾಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ಸೈಕಲ್ಲಿನವರಿಗೆ ನಿಮ್ಮ ಸ್ಪರ್ಧೆಯ ವಿಷಯ ತಿಳಿದಿರುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ಕ್ಲಚ್ ಅಭ್ಯಾಸಕ್ಕೆ ನಮ್ಮ ಅಡಿಕೆ ಒಣಗಿಸುವ ಸಿಮೆಂಟಿನ ಕಣ ಸಾಕೇ? ಎತ್ತರದ ಪ್ರದೇಶದ ಗಾಳಿಯಿಂದ ಎಂಜಿನ್ನಿನ ಶಕ್ತಿ ಕಡಿಮೆಯಾಗುತ್ತದೆಯೇ?

ಉತ್ತರ: ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಆಗುತ್ತದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ತಾಪಮಾನ ಒಂದೇ ಇದ್ದರೆ ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 6ರಿಂದ 7ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಬಿಸಿಲು ಮತ್ತು ತೇವಾಂಶ ಇದನ್ನು ಇನ್ನಷ್ಟು ಇಳಿಸುತ್ತವೆ. ಆದ್ದರಿಂದ ಪ್ರತಿ ಓಟದ ಸಮಯದ ಪಕ್ಕದಲ್ಲಿ ಊರು, ಹೊತ್ತು ಮತ್ತು ಹವೆಯನ್ನೂ ಬರೆದಿಡಿ, ಒಂದೂರಿನ ಸಮಯವನ್ನು ಇನ್ನೊಂದೂರಿನಲ್ಲಿ ಹಾಗೆಯೇ ನಂಬಬೇಡಿ. ಕಣದ ವಿಷಯಕ್ಕೆ ಬಂದರೆ, 60 ಅಡಿ, ಅಂದರೆ ಸುಮಾರು 18 ಮೀಟರ್ ಓಡಿ, ಆಮೇಲೆ ನಿಲ್ಲಲು ಅದರ ಎರಡರಷ್ಟಾದರೂ ಜಾಗ ಉಳಿಯುವಂತಿದ್ದರೆ ಮಾತ್ರ ಅಭ್ಯಾಸ ಮಾಡಿ. ಅಡಿಕೆ ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವುದರೊಳಗೆ ಮುಗಿಸಿಕೊಳ್ಳಿ. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಕಲಿತ ಕ್ಲಚ್ಚಿನ ಹದ ಒಣ ಡಾಂಬರಿನ ಮೇಲೆ ಉಪಯೋಗಕ್ಕೆ ಬರುವುದಿಲ್ಲ.